ಬಾಗಿಲ ಬಳಿ ಕೂತ ಹುಡುಗಿ

ಮೊನ್ನೆ ನನ್ನ ಮೊಮ್ಮಗಳ ವಯಸ್ಸಿನ ಟೀಚರೊಬ್ಬಳು ಮನೆಗೆ ಬಂದಿದ್ದಳು. ಸಿಟ್ಟು ಬಂದರೆ ತಡೆಯಲಾಗದ ಮಕ್ಕಳು, ಸುಮ್ಮಸುಮ್ಮನೆ ಅಳುವ ಮಕ್ಕಳು, ಯಾರ ಹತ್ತಿರವೂ ಬಾಯಿ ಬಿಡದ ಮಕ್ಕಳು, ಇಂಥವರಿಗೆ ಅಂತ ಅವಳ ಶಾಲೆಯಲ್ಲಿ ಬೇರೆ ಕೋಣೆಯೇ ಇದೆಯಂತೆ. ಕೆಳಗೆ ಮೆತ್ತಗಿನ ಚಾಪೆ, ಗೋಡೆಗೆ ತಿಳಿ ಬಣ್ಣ. ಆಗಾಗ ಮೈಸೂರಿನಿಂದ ಒಬ್ಬರು ಬಂದು ಆ ಮಕ್ಕಳ ಜೊತೆ ಕೂತು ಮಾತಾಡಿ ಹೋಗುತ್ತಾರಂತೆ. "ನಿಮ್ಮ ಕಾಲದಲ್ಲಿ ಏನ್ ಮಾಡ್ತಿದ್ರಿ ಟೀಚರ್?" ಅಂತ ಕೇಳಿದಳು. ಏನು ಮಾಡ್ತಿದ್ವಿ! ಬೆತ್ತ ತಗೊಳ್ತಿದ್ವಿ. ಬೆತ್ತಕ್ಕೂ ಬಗ್ಗದಿದ್ದರೆ ಹೆಸರು ಹೊಡೆದು ಮನೆಗೆ ಕಳಿಸ್ತಿದ್ವಿ. ಅಷ್ಟು ಹೇಳಿ ಕಾಫಿ ಕೊಟ್ಟು ಕಳಿಸಿಬಿಟ್ಟೆ. ಉಳಿದದ್ದನ್ನು ಹೇಳುವಷ್ಟು ಉಸಿರು ಆವತ್ತು ಇರಲಿಲ್ಲ. ಈಗ ಇದೆ ಅಂತಲ್ಲ. ಆದರೆ ಅವಳು ಹೋದಾಗಿನಿಂದ ಒಂದು ಹುಡುಗಿ ತಲೆಯಿಂದ ಇಳಿಯುತ್ತಿಲ್ಲ, ಬರೆದು ಮುಗಿಸೋಣ ಅಂತ ಕೂತಿದ್ದೇನೆ.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ನಮ್ಮದೇ ಒಂದು ಪುಟ್ಟ ರಾಜ್ಯ, ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ. ನಾನು ಫ್ರೇಸರ್‌ಪೇಟೆ ಕಡೆಯವಳು, ಈಗ ಎಲ್ಲರೂ ಕುಶಾಲನಗರ ಅನ್ನುತ್ತಾರೆ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಹೊಳೆದಂಡೆಯಲ್ಲಿ ಗದ್ದೆ ಮಾಡಿಕೊಂಡ ಜನ ನಾವು. ಟ್ರೈನಿಂಗ್ ಮುಗಿಸಿದ ಮೇಲೆ ನನ್ನನ್ನು ಸುಂಟಿಕೊಪ್ಪದ ಹತ್ತಿರದ ಒಂದು ಪ್ರೈಮರಿ ಶಾಲೆಗೆ ಹಾಕಿದರು. ಶಾಲೆ ಅಂದರೆ ಒಂದು ಉದ್ದ ಹಾಲು, ಅಷ್ಟೇ. ಆ ತುದಿಯಲ್ಲಿ ಹೆಡ್‌ಮಾಸ್ಟರ ಮೂರನೇ ನಾಲ್ಕನೇ ಕ್ಲಾಸು, ಈ ತುದಿಯಲ್ಲಿ ನನ್ನ ಒಂದನೇ ಎರಡನೇ ಕ್ಲಾಸು. ಮಧ್ಯೆ ಗೋಡೆಯಿಲ್ಲ. ಅವರು ಮಗ್ಗಿ ಹೇಳಿಸಲು ಶುರುಮಾಡಿದರೆ ನನ್ನ ಮಕ್ಕಳೂ ಅಕ್ಷರ ಬಿಟ್ಟು ಮಗ್ಗಿ ಹೇಳುತ್ತಿದ್ದವು. ಅದರಲ್ಲಿ ಒಂದರ ಮನೆಮಾತು ಕೊಡವ, ಒಂದರದು ಅರೆಭಾಷೆ, ಇನ್ನೊಂದರದು ಮಲಯಾಳ, ಅದರ ಪಕ್ಕದ್ದು ತುಳು, ಎಸ್ಟೇಟಿನ ಕೂಲಿಗಳ ಲೈನುಮನೆಗಳಿಂದ ಬರುವ ಮಕ್ಕಳದು ತಮಿಳು. ಎಲ್ಲರನ್ನೂ ಕನ್ನಡಕ್ಕೆ ಎಳೆದು ತರುವಷ್ಟರಲ್ಲಿ ಸಂಜೆಗೆ ನನ್ನ ಗಂಟಲು ಹರಿದ ಗೋಣಿಯ ಹಾಗೆ ಆಗಿರುತ್ತಿತ್ತು. ಹೆಣ್ಣು ನೋಡಲು ಬಂದ ಒಂದು ಗಂಡು ನನ್ನ ಸ್ವರ ಕೇಳಿಯೇ ಎದ್ದು ಹೋಯಿತು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಹೋಗಲಿ ಬಿಡಿ, ಅವನಿಗೂ ಒಳ್ಳೆಯದಾಯಿತು.

ಆ ಹುಡುಗಿ ಶಾಲೆಗೆ ಬಂದದ್ದು ಕಾಫಿ ಹೂ ಬಿಡುವ ಹೊತ್ತಿನಲ್ಲಿ. ಲೈನಿನ ಹುಡುಗಿ, ತಾಯಿ ಒಬ್ಬಳೇ. ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಇಲ್ಲ, ಕಣ್ಣು ಮಾತ್ರ ಇಷ್ಟಿಷ್ಟಗಲ. ಮಾತಿಲ್ಲ. ಹೆಸರು ಕರೆದರೆ ಹೂಂ ಅನ್ನುವುದಿಲ್ಲ, ಸ್ಲೇಟು ಕೊಟ್ಟರೆ ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿರುತ್ತದೆ. ಮೂಗಿಯಿರಬೇಕು ಅಂದುಕೊಂಡೆವು. ತೊಂದರೆ ಕೊಡದ ಮಗು ಅಂದರೆ ಮೇಷ್ಟ್ರಿಗೆ ದೇವರು ಕೊಟ್ಟ ರಜೆ, ಅದರ ಪಾಡಿಗೆ ಬಿಟ್ಟೆವು.

ಮುಂಗಾರು ಹಿಡಿಯಿತು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಗಾಳಿಮಳೆಗೆ ಹಾಲಿನ ಬಾಗಿಲು ಮುಚ್ಚಿ ಅಗುಳಿ ಹಾಕಿದೆವು. ಹಾಕಿದ ಮರುಗಳಿಗೆಗೇ ಆ ಮೂಗಿ ಹುಡುಗಿಯ ಬಾಯಿಂದ ಹೊರಟ ಕೂಗಿಗೆ ಹೆಡ್‌ಮಾಸ್ಟರ ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದುಹೋಯಿತು. ಹಿಡಿಯಲು ಹೋದವರನ್ನೆಲ್ಲ ಕಚ್ಚಿದಳು. ಸ್ಲೇಟು ಎಸೆದಳು. ಮಸಿಕುಡಿಕೆ ಉರುಳಿಸಿದಳು. ಕೊನೆಗೆ ಬೆಂಚಿನ ಕೆಳಗೆ ಸೇರಿಕೊಂಡು ಏದುಸಿರು ಬಿಡುತ್ತಾ ಕೂತಳು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ನನ್ನ ಮುಂಗೈಯಲ್ಲಿ ಹಲ್ಲಿನ ಗುರುತು ಮಾಯುವ ಮೊದಲೇ ಹೊಸದು ಬೀಳುತ್ತಿತ್ತು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ, "ನೀನು ಹೋಗೋದು ಶಾಲೆಗೋ, ಇಲ್ಲಾ ನಾಯಿ ಸಾಕೋ ಕಡೆಗೋ?" ಅಂತ ಅರಿಸಿನ ಹಚ್ಚುತ್ತಿದ್ದಳು. ನನಗೆ ನಗಲೂ ಆಗುತ್ತಿರಲಿಲ್ಲ. ಸಿಟ್ಟು, ಬರೀ ಸಿಟ್ಟು. ಯಾವ ಜನ್ಮದ ಕರ್ಮವೋ ಇದು ಅಂತ ಬೈದುಕೊಳ್ಳುತ್ತಲೇ ಬೆಳಿಗ್ಗೆ ಗುಡ್ಡ ಹತ್ತುತ್ತಿದ್ದೆ.

ಹೇಳಿಕಳಿಸಿದ್ದಕ್ಕೆ ತಾಯಿ ಬಂದಳು. ಕೆಲಸದ ಕಂಬಳಿ ಹೊದ್ದುಕೊಂಡೇ ಬಂದಿದ್ದಳು, ನೀರು ಸೋರುತ್ತಿತ್ತು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವಳು ಹೇಳಿದ್ದು ಇಷ್ಟು. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಗಂಡ ಹೆಂಡತಿ ಗೋಣಿಕೊಪ್ಪಲಿನ ಕಡೆಯ ಎಸ್ಟೇಟಿಗೆ ಬಂದದ್ದು ಹಿಂದಿನ ಕೊಯ್ಲಿಗೆ. ಬಂದ ಸ್ವಲ್ಪ ದಿನಕ್ಕೆ ಗಂಡ ಮಾಕುಟ್ಟದ ದಾರಿ ಹಿಡಿದು ಮಲಯಾಳಕ್ಕೆ ಹೋದವನು ತಿರುಗಿ ಬರಲಿಲ್ಲ. ಕಾಫಿ ಪಿಕ್ಕಿಂಗಿಗೆ ಹೋಗುವಾಗ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಸೀರೆಯಲ್ಲಿ ಕಂಬಕ್ಕೆ ಕಟ್ಟಿದರೆ ಬಿಚ್ಚಿಕೊಂಡು ತೋಟಕ್ಕೆ ಓಡಿಬರುತ್ತಿದ್ದಳು. ತೋಟದಲ್ಲಿ ಆನೆ. ಅದಕ್ಕೆ ಕೋಣೆಯೊಳಗೆ ಹಾಕಿ ಬೀಗ ಜಡಿದು ಹೋಗುತ್ತಿದ್ದಳು, ಬೆಳಗಿನ ಕತ್ತಲಲ್ಲಿ ಹೋದರೆ ಹಣ್ಣು ಅಳೆದುಕೊಟ್ಟು ಬರುವಾಗ ಮತ್ತೆ ಕತ್ತಲು. "ಸಾಯಬಾರದು ಅಂತ ಬೀಗ ಹಾಕಿದೆ ಅಮ್ಮಾ" ಅಂದಳು. ಆಮೇಲೆ ನನ್ನ ಕೈಯ ಗಾಯ ನೋಡಿ ತಲೆ ತಗ್ಗಿಸಿ, "ಇಲ್ಲಿ ಶಾಲೆ ಇದೆ ಅಂತಲೇ ಈ ಎಸ್ಟೇಟಿಗೆ ಬಂದೆ. ನೀವು ಬೇಡ ಅಂದ್ರೆ ಮತ್ತೆ ಬೀಗವೇ" ಅಂದಳು.

ಅಲ್ಲಿಗೆ ಮುಗಿಯಿತು. ಅಷ್ಟು ಕೇಳಿದ ಮೇಲೆ ಹೇಗೆ ಬೇಡ ಅನ್ನುವುದು? ನನಗೆ ಯಾವ ಟ್ರೈನಿಂಗಿನಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದದ್ದು ಒಂದೇ, ಬಾಗಿಲು ಮುಚ್ಚಬಾರದು. ಮಾರನೇ ದಿನ ಒಂದು ಬಾಗಿಲ ರೆಕ್ಕೆ ತೆರೆದು ಅದಕ್ಕೆ ಒರಳುಕಲ್ಲು ಅಡ್ಡ ಇಟ್ಟೆ, ಅವಳನ್ನು ಹೊಸ್ತಿಲ ಪಕ್ಕ ಕೂರಿಸಿದೆ. ಕೂಗಲಿಲ್ಲ. ಆದರೆ ಎರಚಲು ಹೊಡೆದು ನನ್ನ ಕಡೆಯ ನೆಲವೆಲ್ಲ ಕೆರೆ. ಮಕ್ಕಳನ್ನೆಲ್ಲ ಗೋಡೆಗೆ ಒತ್ತರಿಸಿ ಕೂರಿಸಿದೆ, ಶೀತ ಕೆಮ್ಮು ಶುರುವಾಯಿತು. ಹೆಡ್‌ಮಾಸ್ಟರು ಭಾಗಮಂಡಲದ ಕಡೆಯ ಗೌಡರು, ಕೆಟ್ಟವರಲ್ಲ, ರಿಟೈರಾಗುವವರೆಗೆ ಗಲಾಟೆಯಿಲ್ಲದೆ ಇದ್ದರೆ ಸಾಕು ಅನ್ನುವ ಜನ. "ಒಂದು ಹುಡುಗಿಗೋಸ್ಕರ ಇಡೀ ಶಾಲೆ ನೆನೀಬೇಕಾ ಟೀಚರೇ?" ಅಂದರು. "ಅವಳ ಕಥೆ ಕೇಳಿದ್ರಲ್ಲ ಸಾರ್" ಅಂದೆ. "ನಂಗೆ ಎಲ್ಲ ಗೊತ್ತುಟ್ಟು" ಅಂತ ಸಿಡುಕಿದರು. ಸಿಟ್ಟು ಬಂದಾಗ ಮಾತ್ರ ಅವರಿಗೆ ಮನೆಯ ಅರೆಭಾಷೆ ಬರುತ್ತಿತ್ತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನಗೆ ಇನ್ನೂ ಕಷ್ಟ. ಆದರೂ ಕಲ್ಲು ತೆಗೆಯಲಿಲ್ಲ.

ಬಾಗಿಲು ತೆರೆದಿದ್ದರೆ ಸಾಕಾಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಮುಟ್ಟಿದರೆ ಕಚ್ಚುತ್ತಿದ್ದಳು, ಗುಡುಗಿದರೆ ಕಚ್ಚುತ್ತಿದ್ದಳು. ಅದಕ್ಕೆ ನಾನು ಒಂದು ಆಟ ಕಲಿಸಲು ಹೊರಟೆ. ಕಚ್ಚುವ ಮೊದಲು ಬಂದು ನನ್ನ ಸೆರಗು ಎಳಿ. ಎಳೆದರೆ ನಾನು ಏನು ಮಾಡುತ್ತಿದ್ದರೂ ಬಿಟ್ಟು ನಿನ್ನ ಜೊತೆ ಜಗಲಿಗೆ ಬರುತ್ತೇನೆ. ಹೇಳುವುದು ಸುಲಭ. ಸನ್ನೆ ಮಾಡಿ ತೋರಿಸಿ, ಬೇರೆ ಮಕ್ಕಳ ಕೈಯಲ್ಲಿ ಎಳೆಸಿ ತೋರಿಸಿ, ಸೆರಗು ತಂದು ಅವಳ ಕೈಯಲ್ಲಿಟ್ಟು, ಹೇಳಿದ್ದನ್ನೇ ಹೇಳಿ ಹೇಳಿ ನನಗೇ ವಾಕರಿಕೆ ಬಂದಿತ್ತು. ಕೊನೆಗೊಂದು ದಿನ ಎಳೆದಳು. ಲೆಕ್ಕ ಹೇಳಿಕೊಡುತ್ತಿದ್ದವಳು ಅರ್ಧಕ್ಕೆ ಬಿಟ್ಟು ಜಗಲಿಗೆ ಹೋಗಿ ಅವಳ ಜೊತೆ ಮಳೆ ನೋಡುತ್ತಾ ನಿಂತೆ. ಒಳಗೆ ಮಕ್ಕಳು ಒಂದರ ಮೇಲೊಂದು ಬಿದ್ದು ಗಲಾಟೆ. ಆಮೇಲೆ ದಿನಕ್ಕೆ ಎಷ್ಟು ಸಲ ಎಳೆಯುತ್ತಿದ್ದಳೋ! ನನಗಿದ್ದ ಎರಡು ಒಳ್ಳೆ ಸೀರೆಗಳ ಅಂಚು ಪಿಸಿದುಹೋಯಿತು. ಅಯ್ಯೋ ಸಾಕಪ್ಪಾ, ಇವತ್ತೊಂದು ದಿನ ಇವಳಿಗೆ ಜ್ವರವಾದರೂ ಬರಬಾರದಾ ಅಂತ ಅನ್ನಿಸಿದ ಬೆಳಗುಗಳಿದ್ದವು. ಮೊನ್ನೆ ಬಂದಿದ್ದ ಆ ಮೆತ್ತಗಿನ ಚಾಪೆಯ ಟೀಚರಿಗೂ ಹಾಗೆ ಅನ್ನಿಸುತ್ತದೆ ಅಂತ ನನಗೆ ಗೊತ್ತು, ಅವಳ ಕಣ್ಣಡಿಯ ಕಪ್ಪು ನೋಡಿದೆನಲ್ಲ.

ಇಷ್ಟಾಗಿಯೂ, ಒಂದು ದಿನ ನಾನು ಹಾಜರಿ ಹಾಕುವಾಗ, ಪಕ್ಕದ ತೋಟದ ಮಾಲೀಕರ ಮಗಳ ಕೆನ್ನೆ ಕಚ್ಚಿಬಿಟ್ಟಳು. ಆ ಮಗು ಪಾಪದ್ದು, ಜಡೆ ಮುಟ್ಟಿ ನೋಡಿತ್ತು ಅಷ್ಟೇ. ಸಂಜೆಗೆ ತಂದೆತಾಯಿಗಳ ಗುಂಪೇ ಬಂತು. ಒಂದೋ ಆ ಹುಡುಗಿ ಇರಬೇಕು, ಇಲ್ಲಾ ನಮ್ಮ ಮಕ್ಕಳಿರಬೇಕು ಅಂದರು. ಹೆಡ್‌ಮಾಸ್ಟರು ಎಲ್ಲರೆದುರು ನನಗೆ ಹೇಳಿದರು: "ಇನ್ನೊಂದು ಸಲ ಕಚ್ಚಿದ್ರೆ ಹೆಸರು ಹೊಡೀತೀನಿ ಟೀಚರೇ. ಆಮೇಲೆ ನನ್ನನ್ನ ಏನೂ ಕೇಳಬೇಡಿ." ಹುಡುಗಿಯ ತಾಯಿಗೂ ಅದನ್ನೇ ಹೇಳಿಕಳಿಸಿದೆವು. ಅವತ್ತಿನಿಂದ ಮನೆಯವರು ಹೇಳಿಕೊಟ್ಟಂತೆ ಯಾವ ಮಗುವೂ ಅವಳ ಹತ್ತಿರ ಕೂರುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವಳಿಗೆ ಬೆನ್ನು ಹಾಕಿ ಕೂರುತ್ತಿದ್ದವು. ಅವಳು ಹೊಸ್ತಿಲಲ್ಲಿ ಒಬ್ಬಳೇ. ಆದರೆ ಕಚ್ಚಲಿಲ್ಲ. ಕಕ್ಕಡ ತಿಂಗಳು ಬಂತು, ಕಚ್ಚಲಿಲ್ಲ.

ಕಕ್ಕಡ ಅಂದರೆ ನಮ್ಮಲ್ಲಿ ಆಷಾಢದ ಹೊತ್ತಿನ ಮಳೆಯ ತಿಂಗಳು. ಅದರ ಹದಿನೆಂಟನೇ ದಿನ ಮದ್ದುಸೊಪ್ಪು ಅಂತ ಕಾಡಿನ ಒಂದು ಸೊಪ್ಪನ್ನು ಕುದಿಸಿ, ಆ ಕಡುನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ಆ ದಿನ ಆ ಸೊಪ್ಪಿನಲ್ಲಿ ಸಕಲ ಔಷಧವೂ ಸೇರಿರುತ್ತದೆ ಅಂತ ನಂಬಿಕೆ. ತಿಂದವರ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನಲ್ಲಿ ಹುಟ್ಟಿದ ಮಗುವಿಗೆ ಇದು ಗೊತ್ತು, ವರ್ಷಕ್ಕೊಮ್ಮೆ ಹುಡುಗರಿಗೆ ಅದೇ ಒಂದು ದೊಡ್ಡ ತಮಾಷೆ. ಹೊತ್ತು ಮೂಡುತ್ತದೆ ಅಂತ ಯಾರಾದರೂ ಯಾರಿಗಾದರೂ ಹೇಳುತ್ತಾರಾ? ಹಾಗೆ ಇದನ್ನೂ ಯಾರೂ ಹೇಳುವುದಿಲ್ಲ.

ಆ ದಿನ ಕಚ್ಚಿಸಿಕೊಂಡ ಮಗುವಿನ ಮನೆಯಿಂದಲೇ ಶಾಲೆಗೆ ಒಂದು ದೊಡ್ಡ ಪಾತ್ರೆ ಪಾಯಸ ಬಂತು. ಆ ದಿನ ಯಾರನ್ನೂ ಬಿಟ್ಟು ತಿನ್ನಬಾರದು, ಎಲ್ಲ ಮಕ್ಕಳಿಗೂ ಕೊಡಿ ಅಂತ ಆ ಮಗುವಿನ ತಾಯಿ ಹೇಳಿಕಳಿಸಿದ್ದರು. ಮಗುವೇ ಎಲೆಚೂರುಗಳಲ್ಲಿ ಬಡಿಸುತ್ತಾ ಬಂತು. ಹೊಸ್ತಿಲ ಹತ್ತಿರ ಬಂದಾಗ ಒಂದು ಗಳಿಗೆ ನಿಂತಿತು. ಆಮೇಲೆ ಆ ಮಗು ಕೈ ಉದ್ದ ಮಾಡಿ, ದೂರದಿಂದಲೇ, ಅವಳ ಎಲೆಗೂ ಒಂದು ಸೌಟು ಹಾಕಿತು. ಹುಡುಗಿ ಅದನ್ನು ನೋಡಿದಳು, ಮಗುವಿನ ಮುಖ ನೋಡಿದಳು, ಬೆರಳಲ್ಲಿ ಬಳಿದು ಬಳಿದು ತಿಂದಳು. ಖಾಲಿ ಎಲೆ ಎತ್ತಿ ಇನ್ನೂ ಬೇಕು ಅಂತ ತೋರಿಸಿದಳು. ಮಗು ನಕ್ಕು ಮತ್ತೆ ಹಾಕಿತು. ಹೆಡ್‌ಮಾಸ್ಟರು ಆ ತುದಿಯಿಂದ ನನ್ನ ಕಡೆ ನೋಡಿ, ಪರವಾಗಿಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಎಷ್ಟೋ ದಿನದ ಮೇಲೆ ನನಗೆ ಹೆಗಲು ಹಗುರಾದ ಹಾಗೆ ಅನ್ನಿಸಿತು.

ಮಧ್ಯಾಹ್ನದ ಮೇಲೆ ಅವಳು ಶಾಲೆಯ ಹಿಂದೆ ಹೋದಳು. ತಿರುಗಿ ಬಂದಾಗ ಮುಖದಲ್ಲಿ ರಕ್ತವಿಲ್ಲ. ಸೀದಾ ನನ್ನ ಹತ್ತಿರ ಬಂದು ಸೆರಗು ಹಿಡಿದು ಎಳೆದು, ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು, "ಟೀಚರ್, ರತ್ತಂ" ಅಂದಳು.

ರಕ್ತ ಅಂದದ್ದು. ಇಡೀ ಹಾಲಿಗೆ ಹಾಲೇ ಘೊಳ್ಳೆಂದು ನಕ್ಕಿತು. ಹೆಡ್‌ಮಾಸ್ಟರೂ ನಕ್ಕರು, ಪಾಪ ಅವರು ಹುಟ್ಟಿದಾಗಿನಿಂದ ನಗುತ್ತಾ ಬಂದ ನಗು ಅದು. ನನಗೆ ಮಾತ್ರ ಜೀವ ಹೋದ ಹಾಗಾಯಿತು. ಕಚ್ಚುತ್ತಾಳೆ, ಈಗ ಕಚ್ಚುತ್ತಾಳೆ, ಯಾರಿಗೆ ಅಂತ ಮಾತ್ರ ಗೊತ್ತಿಲ್ಲ. ಅವಳ ದವಡೆ ಬಿಗಿಯಿತು. ಕೈಯಲ್ಲಿ ಸೆರಗು ಇನ್ನೂ ಹಾಗೇ ಇತ್ತು. "ಬಾಯಿ ಮುಚ್ರೋ ಎಲ್ಲಾ!" ಅಂತ ಹೆಡ್‌ಮಾಸ್ಟರೂ ಸೇರಿ ಎಲ್ಲರಿಗೂ ಅರಚಿ ಅವಳನ್ನು ಹೊರಗೆ ಕರೆದುಕೊಂಡು ಹೋದೆ. ನೀನು ತಿಂದ ಪಾಯಸದ ಬಣ್ಣ ಅದು ಅಂತ ಕನ್ನಡದಲ್ಲಿ ಹೇಳಿದೆ, ಬಂದಷ್ಟು ತಮಿಳಲ್ಲಿ ಹೇಳಿದೆ. ತಲೆಗೆ ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಡುಗುತ್ತಲೇ ಇದ್ದಳು. ಇನ್ನೇನು ಮಾಡುವುದು? ಮಾನ ಮರ್ಯಾದೆ ಎಲ್ಲ ಮಳೆಗೆ ಹಾಕಿ, ಅವಳನ್ನು ಉಚ್ಚೆಗೆ ಅಂತ ಕಟ್ಟಿದ್ದ ತಟ್ಟಿಯ ಆಚೆ ನಿಲ್ಲಿಸಿ ನಾನು ಒಳಗೆ ಹೋಗಿ ಬಂದೆ, ಆಮೇಲೆ ಕರೆದು ಕಲ್ಲುಚಪ್ಪಡಿ ತೋರಿಸಿದೆ. ನೋಡು, ನಾನೂ ಪಾಯಸ ತಿಂದೆ, ನನಗೂ ಕೆಂಪೇ. ಅವಳು ಚಪ್ಪಡಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಪ್ಪಡಿ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅವಳು ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಮಳೆಯಲ್ಲಿ ನಿಂತು ಇಬ್ಬರೂ ನಕ್ಕೆವು, ನನಗೆ ನಗುವಿನ ಜೊತೆಗೇ ಅಳು ಬಂತು.

ಮಾರನೇ ದಿನ ಅವಳು ಶಾಲೆಗೆ ಬರಲಿಲ್ಲ. ಅವಳ ತಾಯಿ, ನಾವು ಮಗುವಿಗೆ ವಿಷ ಹಾಕಿದ್ದೇವೆ ಅಂತ ಲೈನಿನಲ್ಲಿ ಎದೆ ಬಡಿದುಕೊಳ್ಳುತ್ತಿದ್ದಾಳೆ, ಇನ್ನು ಶಾಲೆಗೆ ಕಳಿಸುವುದಿಲ್ಲ ಅನ್ನುತ್ತಿದ್ದಾಳೆ ಅಂತ ಲೈನಿನ ಬೇರೆ ಮಕ್ಕಳು ಸುದ್ದಿ ತಂದವು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತಾ, "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತಲ್ಲ ಟೀಚರೇ. ನಾವಾಗಿ ಕಳಿಸಿದ್ದಲ್ಲ" ಅಂದರು. ನನಗೆ ಮೈಯೆಲ್ಲ ಉರಿಯಿತು. "ಥೂ, ನೀವು ಹೇಳೋ ಮಾತಾ ಸಾರ್ ಇದು!" ಅಂತ ಅಂದುಬಿಟ್ಟು, ನನ್ನ ಮಕ್ಕಳನ್ನೂ ಅವರ ತಲೆಗೇ ಕಟ್ಟಿ ಛತ್ರಿ ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಜಿಗಣೆ. ಇಷ್ಟು ಮಾಡಿದ್ದಕ್ಕೆ ವಿಷ ಹಾಕಿದವಳು ಅನ್ನಿಸಿಕೊಂಡೆನಲ್ಲ ಅಂತ ಸಿಟ್ಟಿಗೆ ಅವನ್ನು ಕಿತ್ತೂ ಹಾಕಲಿಲ್ಲ.

ಲೈನು ತಲುಪುವ ಮೊದಲೇ ಕೂಗು ಕೇಳಿಸಿತು. ಬಾಗಿಲು ಮುಚ್ಚಿತ್ತು, ತಾಯಿ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಅವತ್ತು ಕೆಲಸಕ್ಕೂ ಹೋಗಿರಲಿಲ್ಲ. ಒಳಗಿನಿಂದ ಮಗು ಹಲಗೆ ಗುದ್ದುತ್ತಿತ್ತು. ಶಾಲೆಗೆ ಓಡಿಹೋಗಬಾರದು ಅಂತ ಒಳಗೆ ಹಾಕಿ ಚಿಲಕ ಹಾಕಿದ್ದಳು. ನಾನು ಅವಳನ್ನು ಏನೂ ಕೇಳದೆ, ಪಕ್ಕಕ್ಕೆ ಸರಿಸಿ ಚಿಲಕ ತೆಗೆದೆ. ಹುಡುಗಿ ಹೊರಗೆ ಬಂದು ಬಿದ್ದಳು. ಗಂಟಲು ಪೂರಾ ಕಟ್ಟಿಹೋಗಿತ್ತು. ನನ್ನ ಕಡೆ ಬೆರಳು ತೋರಿಸಿ ತಾಯಿಗೆ ತಮಿಳಲ್ಲಿ, ಟೀಚರಿಗೂ ಕೆಂಪೇ, ಟೀಚರಿಗೂ ಕೆಂಪೇ ಅಂತ ಒಂದೇ ಸಮನೆ ಹೇಳಿದಳು.

"ನಿನ್ನೆಯಿಂದ ಇದನ್ನೇ ಹೇಳ್ತಾ ಇದಾಳೆ" ಅಂದಳು ತಾಯಿ. "ಲೈನಿನ ಹಳಬರೂ ಸೊಪ್ಪಿನ ಬಣ್ಣ ಅಂದ್ರು. ನಾನು ನಂಬಲಿಲ್ಲ. ನಿಜವಾ ಅಮ್ಮಾ?"

ನಿಜ ಅಂದೆ. ಹೇಗೆ ತೋರಿಸಿದೆ ಅಂತಲೂ ಹೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತಲೇ ಕುಸಿದು ಕೂತು ಅತ್ತಳು. ನಾನು ಅವಳ ಪಕ್ಕ ಕೂತೆ. ಆಗ ನನ್ನೊಳಗಿನ ಸಿಟ್ಟೆಲ್ಲ ಮಾತಾಗಿ ಬಂತು. ನಿನ್ನ ಮಗುವಿಗೆ ನಾನು ವಿಷ ಹಾಕ್ತೀನಾ, ನನ್ನ ಕೈ ನೋಡು, ಎಷ್ಟು ಕಚ್ಚಿಸಿಕೊಂಡಿದೀನಿ ನೋಡು ಅಂದೆ.

ಅವಳು ಕಣ್ಣೊರೆಸಿಕೊಂಡು, ಜಗಳದ ಸ್ವರವಿಲ್ಲದೆ, ಸುಮ್ಮನೆ ಕೇಳಿದಳು: "ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಇವಳು ಬೇಡ. ಯಾರೂ ಹತ್ತಿರ ಕೂರಿಸೋದಿಲ್ಲ. ಇನ್ನೊಂದು ಸಲ ಕಚ್ಚಿದ್ರೆ ಹೊರಗೆ ಅಂತ ನೀವೇ ಹೇಳಿಕಳಿಸಿದ್ರಿ. ನಿನ್ನೆ ಆ ಕಚ್ಚಿಸಿಕೊಂಡವರ ಮನೆಯಿಂದಲೇ ಪಾಯಸ ಬಂತಂತೆ, ಕರೆದು ಕರೆದು ಎರಡೆರಡು ಸಲ ಹಾಕಿದ್ರಂತೆ. ಸಂಜೆಗೆ ರಕ್ತ. ನಾನು ಏನಂತ ತಿಳ್ಕೋಬೇಕಿತ್ತು, ನೀವೇ ಹೇಳಿ ಅಮ್ಮಾ."

ನಾನು ಕಾಲಿಗೆ ಹತ್ತಿದ್ದ ಜಿಗಣೆಗಳನ್ನು ಒಂದೊಂದಾಗಿ ಕಿತ್ತು ಸೂರುನೀರಿಗೆ ಎಸೆದೆ. ಕೊನೆಗೆ ಅವಳೇ ಎದ್ದು, ಒಳಗಿನಿಂದ ಮಗಳ ಸ್ಲೇಟು ತಂದು ಕೊಟ್ಟಳು. "ಕಳಿಸ್ತೀನಿ. ನೀವು ಓದು ಕೊಡಿ. ತಿನ್ನೋಕೆ ಮಾತ್ರ ಏನೂ ಕೊಡಬೇಡಿ" ಅಂದಳು.

ಹುಡುಗಿ ನಾಲ್ಕನೇ ಕ್ಲಾಸಿನವರೆಗೂ ನಮ್ಮಲ್ಲೇ ಓದಿದಳು. ಕಚ್ಚಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಕಚ್ಚಿದಳು, ಆದರೆ ನನ್ನನ್ನು. ಅದನ್ನು ನಾನು ಹೆಡ್‌ಮಾಸ್ಟರಿಗೆ ಹೇಳಲಿಲ್ಲ. ನಿಧಾನಕ್ಕೆ ಹೊಸ್ತಿಲು ಬಿಟ್ಟು ಒಳಗೆ ಬಂದಳು, ಕನ್ನಡ ಕಲಿತಳು, ಮಾತು ಬಂದ ಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಆ ತೋಟದ ಮಾಲೀಕರ ಮಗಳ ಪಕ್ಕದಲ್ಲೇ ಅವಳ ಜಾಗ, ಇಬ್ಬರನ್ನೂ ಬೇರೆ ಬೇರೆ ಕೂರಿಸಿದರೆ ಮುಖ ಊದುತ್ತಿತ್ತು. ನಾನು ಲೈನಿಗೆ ಹೋದಾಗಲೆಲ್ಲ ತಾಯಿ ನನ್ನನ್ನು ಕೂರಿಸಿ ಕರಿಕಾಫಿ ಕಾಸಿ ಕೊಡುತ್ತಿದ್ದಳು, ನಾನು ಕುಡಿಯುತ್ತಿದ್ದೆ. ಈಗಲಾದರೂ ಮಗುವಿಗೆ ಶಾಲೆಯಲ್ಲಿ ಏನಾದರೂ ತಿನ್ನಲು ಬಿಡು ಅಂತ ಕೇಳಿದರೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು.

ಕೊಡಗು ಮೈಸೂರಿಗೆ ಸೇರಿದಾಗ ಶಾಲೆಯಲ್ಲಿ ಲಾಡು ಹಂಚಿದರು. ಊರಿನಲ್ಲಿ ಕೆಲವರಿಗೆ ಖುಷಿ, ಕೆಲವರಿಗೆ ಹೊಟ್ಟೆಯುರಿ, ಮಕ್ಕಳಿಗೆ ಲಾಡು ಬಂದರೆ ಸಾಕು. ಹೆಡ್‌ಮಾಸ್ಟರು ತಟ್ಟೆ ಹಿಡಿದು ಸಾಲಿನಲ್ಲಿ ಬಂದರು, ಎಲ್ಲರೂ ಕೈ ಚಾಚಿದರು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೇಡ ಸಾರ್, ನಮ್ಮಮ್ಮ ಬೇಡ ಅಂದಿದಾರೆ" ಅಂದಳು. ಪಕ್ಕದ ಗೆಳತಿ ತನ್ನದರಲ್ಲಿ ಅರ್ಧ ಮುರಿದು ಅವಳ ಬಾಯಿಯ ಹತ್ತಿರ ಹಿಡಿದಳು. ಅದಕ್ಕೂ ನಗುತ್ತಲೇ ಬೇಡ ಅಂತ ತಲೆ ಆಡಿಸಿದಳು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು, "ಮುಂದೆ ಹೋಗಿ ಸಾರ್" ಅಂದೆ. ಅವಳ ಪಾಲಿನ ಲಾಡು ತಟ್ಟೆಯಲ್ಲೇ ಉಳಿಯಿತು.